ಮುನಿರಾಜ್ ಮೋಟಾರು ತೊಳೆದದ್ದು

ಉರಿಗಾಂನ ಗಣಿ ಕಾರ್ಮಿಕರ ಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ಮುನಿರಾಜನಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿಲ್ಲ. ಬಂಗಾರಪೇಟೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಲ್ಲಿ ಕೆಲಸಕ್ಕಿಂತ ಭಾಷಣ ಜಾಸ್ತಿ. ಕಾಮಸಮುದ್ರದ ರೈತರು ಒಮ್ಮೆ ಮೋಟಾರು ಕೊಟ್ಟರೆ ಮುಂದಿನ ಸಲ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾರೆ. ‘ನಾನು ಮಾಡಿದ್ದು ಮತ್ತೆ ಕೆಡಲ್ಲ, ಅದಕ್ಕೇ ಬರಲ್ಲ’ ಎಂದು ಅದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಅವನ ಹೆಂಡತಿ ಶಶಿರೇಖಳ ಅಣ್ಣ ಪೆರುಮಾಳ್, ಮದುವೆಯಾದ ಮೇಲೆ ಚೆನ್ನೈ ಆಚೆಯ ಪಳವೇರ್ಕಾಡಿಗೆ ಹೋಗಿ ಕಡಲಲ್ಲಿ ಮೀನು ಹಿಡಿದು ಬದುಕುತ್ತಿದ್ದಾನೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರೇ ಅವನ ಆಸ್ತಿ. ಈ ಬೇಸಿಗೆಯಲ್ಲಿ ಮೀನು ಹಿಡಿಯುವುದಕ್ಕೆ ಸರ್ಕಾರದ ಎರಡು ತಿಂಗಳ ನಿಷೇಧ ಬೀಳುವ ಹೊತ್ತಿಗೆ ಅದು ವಿಪರೀತ ಬಿಸಿಯಾಗತೊಡಗಿತ್ತು. ‘ಮೋಟ್ರು ಅಂದ್ರೆ ಮೋಟ್ರೇ, ಇಲ್ಲಿಗೆ ತಗೊಂಡ್ ಬಾ ಬಾವ’ ಎಂದು ಮುನಿರಾಜ್ ಫೋನಿನಲ್ಲಿ ಕೊಚ್ಚಿಕೊಂಡ. ಆ ಪಾಪದವನು ನಂಬಿ, ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಹೊತ್ತು ತಂದ.

‘ಒಳಗೆಲ್ಲ ಉಪ್ಪು ಕಟ್ಕೊಂಡೈತೆ ಮಾಪ್ಳೆ. ಕೆಳಗಿನ ಭಾಗ ಒಳ್ಳೇ ನೀರಲ್ಲಿ ಮುಳುಗಿಸಿ ಓಡ್ಸು. ಅದು ನೀರು ಎಳ್ಕೊಂಡೇ ತಣ್ಣಗಾಗೋದು, ಪಕ್ಕದ ಈ ತೂತಿಂದ ನೀರು ಜೋರಾಗಿ ಚಿಮ್ಮಬೇಕು. ನಿಷೇಧ ಮುಗಿದ ದಿನ ನಾನು ಕಡಲಿಗೆ ಇಳೀಲೇಬೇಕು. ಇಲ್ಲಾಂದ್ರೆ ಈ ವರ್ಷ ಬೇರೆಯೋರ ದೋಣೀಲಿ ಕೂಲಿನೇ ಗತಿ’ ಎಂದು ತಂಗಿಯ ಗಂಡನಿಗೆ ಹೇಳಿ ಪೆರುಮಾಳ್ ಊರಿಗೆ ಮರಳಿದ.

ನಮ್ಮ ಲೈನಿನಲ್ಲಿ ನಲ್ಲಿ ಬರುವುದು ಯಾವಾಗಲೋ ಒಮ್ಮೆ. ಅಕ್ಕಿ ತೊಳೆದ ನೀರು ಹಸುವಿಗೆ, ಪಾತ್ರೆ ತೊಳೆದದ್ದು ಗಿಡಕ್ಕೆ, ಬಟ್ಟೆ ಜಾಲಿಸಿದ್ದು ಕಕ್ಕಸಿಗೆ. ಒಂದು ಹನಿಯನ್ನೂ ನಾವು ಸುಮ್ಮನೆ ಚೆಲ್ಲುವವರಲ್ಲ. ಈ ಮಹಾನುಭಾವ ಅದೇ ಪದ್ಧತಿಯನ್ನು ಮೋಟಾರಿಗೂ ತಂದ. ಅರ್ಧಕ್ಕೆ ಕೊಯ್ದ ಡ್ರಮ್ಮಿಗೆ ಒಂದು ಸಲ ನೀರು ತುಂಬಿಸಿ, ದಿನಾ ಬೆಳಿಗ್ಗೆ ಅದೇ ನೀರಿನಲ್ಲಿ ಓಡಿಸಿದ. ಒಳಗಿಂದ ಬಂದ ಉಪ್ಪು, ತುಕ್ಕು, ಎಣ್ಣೆ ಎಲ್ಲ ಡ್ರಮ್ಮಿಗೆ. ಡ್ರಮ್ಮಿನಿಂದ ತಿರುಗಿ ಮೋಟಾರಿಗೆ! ಲೈನಿನವರೆಲ್ಲ ಹೊಗೆ ಕುಡಿದು ಕೆಮ್ಮಿದ್ದೇ ಬಂತು.

‘ನೀರಾದ್ರೂ ಬದಲಾಯ್ಸಯ್ಯಾ’ ಎಂದಳು ಶಶಿರೇಖ.

‘ಮುಚ್ಕೊಂಡು ಓಗೇ. ಮೋಟ್ರು ವಿಷ್ಯ ನಿಂಗೇನ್ ಗೊತ್ತು?’

ನಿಷೇಧ ಮುಗಿಯುವ ಮುನ್ನ ಪೆರುಮಾಳ್ ಬಂದ. ಮುನಿರಾಜ್ ಮದುವೆ ಮನೆಯ ಯಜಮಾನನಂತೆ ಎಲ್ಲರನ್ನೂ ಕರೆದು ಮೋಟಾರು ಚಾಲೂ ಮಾಡುವ ಹಗ್ಗ ಎಳೆದ. ಮೋಟಾರು ಗುಡುಗಿತು. ತೂತಿನಿಂದ ಬಂದದ್ದು ನಾಲ್ಕು ಹನಿ ಕಂದು ನೀರು. ಪೆರುಮಾಳ್ ಓಡಿಬಂದು ಆರಿಸಿದ. ಡ್ರಮ್ಮಿನ ತಳಕ್ಕೆ ಕೈಬಿಟ್ಟು ಒಂದು ಹಿಡಿ ಕೆಸರು ತೆಗೆದು ನೋಡಿದ. ಅವನ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

‘ಫಸ್ಟ್ ಕ್ಲಾಸಾಗಿ ತೊಳ್ದಿವ್ನಿ ಬಾವ, ಕಡಲೇ ಸರಿ ಇಲ್ಲ’ ಎಂದ ಮುನಿರಾಜ್. ನಾಚಿಕೆ ಅನ್ನುವುದು ಬೇಡವೇ!

ಶಶಿರೇಖ ಒಂದು ಲೋಟ ತಂದು, ಡ್ರಮ್ಮಿನಲ್ಲಿ ಅದ್ದಿ, ಗಂಡನ ಮುಂದೆ ಹಿಡಿದಳು. ‘ಕುಡಿ.’

‘ತಲೆ ಕೆಟ್ಟೈತಾ? ಇದನ್ನ ಯಾರ್ ಕುಡೀತಾರೆ?’

‘ನಮ್ಮಣ್ಣನ ಮೋಟ್ರಿಗೆ ದಿನಾ ಕುಡ್ಸಿದ್ಯಲ್ಲ!’

ಡ್ರಮ್ಮನ್ನು ಬೀದಿಗೆ ಉರುಳಿಸಿ, ಖಾಲಿಯಾದ ಮೇಲೆ ಮತ್ತೆ ನಿಲ್ಲಿಸಿದಳು. ಒಳಗೆ ಹೋಗಿ ಕುಡಿಯುವ ನೀರಿನ ಬಿಂದಿಗೆಗಳನ್ನು ಒಂದೊಂದಾಗಿ ತಂದು ಅದಕ್ಕೆ ಸುರಿದಳು. ‘ನಲ್ಲಿ ಬರೋವರ್ಗೂ ಏನ್ ಮಾಡ್ತೀಯೇ?’ ಎಂದು ಮುನಿರಾಜ್ ಅಡ್ಡ ನಿಂತು ಕೂಗಾಡಿದ. ಬಿಂದಿಗೆಯಿಂದಲೇ ತಳ್ಳಿಕೊಂಡು ಹೋದಳು. ಪೆರುಮಾಳ್ ತಂತಿಯಲ್ಲಿ ತೂತು ಕೆದಕಿ ಓಡಿಸಿದ, ಆ ನೀರನ್ನು ಚೆಲ್ಲಿಸಿದ, ಮತ್ತೆ ಓಡಿಸಿದ. ಅವಳ ಮನೆಯ ನೀರು ಮುಗಿದಾಗ ನಮ್ಮ ಮನೆಯದನ್ನು ನಾನೇ ಹೊತ್ತುಕೊಟ್ಟೆ. ಜೀವಮಾನದಲ್ಲಿ ನಾನು ಅಷ್ಟು ನೀರು ಚೆಲ್ಲಿದ್ದಿಲ್ಲ, ಸ್ವಲ್ಪವೂ ಹೊಟ್ಟೆ ಉರಿಯಲಿಲ್ಲ. ಕೊನೆಗೆ ತೂತಿನಿಂದ ತಿಳಿನೀರು ಚಿಮ್ಮಿ ಮುನಿರಾಜನ ಪ್ಯಾಂಟೆಲ್ಲ ನೆನೆಯಿತು. ಪೆರುಮಾಳ್ ತಂಗಿಯ ತಲೆಯ ಮೇಲೆ ಕೈಯಿಟ್ಟ.

ನಿಷೇಧ ಮುಗಿದ ಮಾರನೆಯ ದಿನ ಶಶಿರೇಖಳಿಗೆ ಅವನ ಫೋನ್ ಬಂತು: ಕಡಲಿಗೆ ಹೋಗಿ ಬಂದನಂತೆ, ಮೋಟಾರು ಬಿಸಿಯಾಗಲಿಲ್ಲವಂತೆ. ಶಶಿರೇಖ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಮುನಿರಾಜ್ ಫೋನು ಕಸಿದುಕೊಂಡ.

‘ನೀರು ಬದಲಾಯಿಸ್ಬೇಕು ಅಂತ ನಾನೇ ಯೇಳಿದ್ದಲ್ವಾ ಬಾವ?’

ಆ ಕಡೆಯಿಂದ ಪೆರುಮಾಳನ ದನಿ ನನಗೂ ಕೇಳಿಸಿತು. ‘ಮಾಪ್ಳೆ, ಫೋನು ನನ್ ತಂಗಿಗೆ ಕೊಡು.’