ನಾಲ್ಕನೇ ಅಂಚು

ನನ್ನ ದೊಡ್ಡತ್ತೆ ಸರ್ಕಾರಿ ಹೊಲಿಗೆಮನೆಯಲ್ಲಿ ಬಾವುಟ ಹೊಲಿಯುತ್ತಿದ್ದಳು. ಪರದೇಶದಿಂದ ದೊಡ್ಡವರು ಬರುತ್ತಾರೆಂದರೆ ಅವರ ಬಾವುಟ ಅವಳ ಮಡಿಲಲ್ಲೇ ಹುಟ್ಟಬೇಕು. ಅಲ್ಲೊಂದು ಪದ್ಧತಿ: ಮೂರು ಅಂಚು ಮಡಚಿ ಹೊಲಿದು ನಾಲ್ಕನೆಯದನ್ನು ಬಿಟ್ಟಿರಬೇಕು. ಅತಿಥಿಯ ವಿಮಾನ ಹೊರಟ ಸುದ್ದಿ ಬಂದ ಮೇಲಷ್ಟೇ ಕೊನೆಯ ಹೊಲಿಗೆ. ಬರುತ್ತೇನೆಂದು ಬಾರದವರೇ ಹೆಚ್ಚು, ಬಟ್ಟೆ ಬೇರೆಯದಕ್ಕಾದರೂ ಆಗುತ್ತದಲ್ಲ.

ಆ ಸಲ ಬರುವವರು ದೊಡ್ಡಮನೆಯ ಯಜಮಾನರು. ಕಡಲಾಚೆಯ ಆ ಬಲಾಢ್ಯ ದೇಶವನ್ನು ನಮ್ಮ ಬೀದಿಯೆಲ್ಲ ದೊಡ್ಡಮನೆ ಎಂದೇ ಕರೆಯುತ್ತಿತ್ತು. ನಮ್ಮ ಸರ್ಕಾರಕ್ಕೂ ಹೊಳೆಯಾಚೆಯ ಸರ್ಕಾರಕ್ಕೂ ಮಾತು ನಿಂತು, ಸೇತುವೆಗೆ ಬೇಲಿ ಬಿದ್ದು, ನನ್ನ ಚಿಕ್ಕತ್ತೆ ಆಚೆ ದಡದ ಗಂಡನ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಅವಳದೂ ಅಕ್ಕನಿಂದ ಪದ್ಧತಿ ಸಮೇತ ಕಲಿತ ಕೆಲಸವೇ, ಅಲ್ಲಿನ ಸರ್ಕಾರಕ್ಕೆ ಬಾವುಟ ಹೊಲಿಯುವುದು. ಯಜಮಾನರು ಎರಡೂ ದಡಕ್ಕೆ ಬಂದು, ರಾಜಿ ಮಾಡಿಸಿ, ಸೇತುವೆ ತೆರೆಸುತ್ತಾರಂತೆ.

ಆ ದಿನಗಳಲ್ಲಿ ದೊಡ್ಡತ್ತೆಯ ಕಾಲು ನೆಲದ ಮೇಲೆ ಇರಲಿಲ್ಲ. ಯಂತ್ರದ ಸದ್ದಿನಲ್ಲಿ ಅವಳಿಗೆ ತಂಗಿಯ ಹೆಜ್ಜೆ ಕೇಳಿಸುತ್ತಿತ್ತಂತೆ. ದೊಡ್ಡಮನೆಯ ಬಾವುಟದ ನೀಲಿ ಬಟ್ಟೆ ಮೇಜಿನಿಂದಿಳಿದು ಕೋಣೆಯುದ್ದ ಹರಡಿ, ಅವಳು ಹೊಳೆಯಲ್ಲಿ ಪಾದ ಮುಳುಗಿಸಿ ಕೂತಂತೆ ಕಾಣುತ್ತಿದ್ದಳು. ಆ ಮಂಪರಿನಲ್ಲಿ ನಾಲ್ಕನೇ ಅಂಚನ್ನೂ ಹೊಲಿದುಬಿಟ್ಟಳು.

ವಿಮಾನ ಹೊರಡಲೇ ಇಲ್ಲ. ದೊಡ್ಡಮನೆಯಲ್ಲಿ ಚುನಾವಣೆ ಹತ್ತಿರ ಬಂದಿತ್ತು. ಅಲ್ಲಿನ ಯಾವುದೋ ಮೂಲೆಯ ಆಲೂಗಡ್ಡೆ ಬೆಳೆಗಾರರು, ನಮ್ಮ ಬೆಳೆ ಕೊಳೆಯುತ್ತಿರುವಾಗ ಕಂಡವರ ಜಗಳ ಬಿಡಿಸಲು ಹೋಗುತ್ತೀರಾ ಎಂದು ತಿರುಗಿ ಬಿದ್ದರಂತೆ. ಅವರ ಮತವಿಲ್ಲದೆ ಯಜಮಾನರಿಗೆ ಕುರ್ಚಿಯಿಲ್ಲ. ನಮ್ಮನ್ನು ಬಿಟ್ಟು ಅವರ ಹೊಲಕ್ಕೆ ಹೋದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಆ ಆಲೂಗಡ್ಡೆಯವರ ಮೇಲೆ ನನಗೆ ಇವತ್ತಿಗೂ ಕೋಪ. ಅವರ ಕಷ್ಟ ನಿಜವೇ ಇರಬಹುದು, ಆದರೂ ಕೋಪ.

ಬಾವುಟದ ಹೊಲಿಗೆ ಬಿಚ್ಚಿಡು ಎಂದು ಮೇಸ್ತ್ರಿ ಹೇಳಿದ. ದೊಡ್ಡತ್ತೆ ಕೇಳಿಸದವಳಂತೆ ಅದನ್ನು ಚೀಲಕ್ಕೆ ತುರುಕಿ, ನನ್ನ ಕೈ ಹಿಡಿದು ಹೊಳೆಗೆ ನಡೆದಳು. ಸಂಜೆಯಾದರೆ ಅಕ್ಕತಂಗಿಯರು ಎರಡು ದಡದಲ್ಲಿ ನಿಂತು ಕೈಬೀಸುವುದಿತ್ತು. ಮುಖ ಕಾಣುವಷ್ಟು ಹತ್ತಿರವಲ್ಲ. ಆವತ್ತು ನೀರಿನ ಮೇಲೆ ತೆಳು ಮಂಜು, ದಡವೇ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ದೊಡ್ಡತ್ತೆ ಬಾವುಟ ಬಿಡಿಸಿ ಎತ್ತಿ ಹಿಡಿದಳು. ತುಸು ಹೊತ್ತಿಗೆ ಆಚೆಯಿಂದಲೂ ಒಂದು ನೀಲಿ ಮೇಲೆದ್ದಿತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಅಂಚು ಹೊಲಿಯದ ಬಟ್ಟೆ ತುದಿಯಲ್ಲಿ ಸುರುಳಿ ಸುತ್ತಿಕೊಳ್ಳತ್ತೆ ಕಣೇ," ಎಂದಳು. "ಅದು ನೋಡು, ಎಷ್ಟು ನೆಟ್ಟಗೆ ಹಾರ್ತಿದೆ. ಅವಳೂ ಹೊಲಿದು ಮುಗಿಸಿಬಿಟ್ಟಿದ್ದಾಳೆ."