ಕಡಪ ಕಲ್ಲಿನ ಮೇಲೆ ಮುದ್ದೆ

ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ವರ್ಷ, ಬೈರಾಪಟ್ಟಣದ ನಮ್ಮ ಮನೆಯ ಮಣ್ಣಿನ ಒಲೆಯನ್ನು ನಾನೇ ಹಾರೆಯಿಂದ ಒಡೆದೆ. ಬೆಳಗಿನ ಕೆಂಡ ಇನ್ನೂ ಆರಿರಲಿಲ್ಲ. ಅವ್ವ ಬೇಡವೆಂದಷ್ಟೂ ನನ್ನ ಏಟು ಜೋರಾಯಿತು. ಮೇಸ್ತ್ರಿಯನ್ನೂ ಕರೆಯದೆ, ಎರಡು ಇಟ್ಟಿಗೆ ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಕಡಪ ಕಲ್ಲು ಕೂರಿಸಿ ಗ್ಯಾಸ್ ಒಲೆ ಇಟ್ಟೆ.

ಮೊದಲ ದಿನವೇ ಅವ್ವ ಗ್ಯಾಸ್ ಆರಿಸಿ, ಮುದ್ದೆಯ ಪಾತ್ರೆಯನ್ನು ನೆಲಕ್ಕಿಳಿಸಲು ಹೋದಳು. ನಮ್ಮಲ್ಲಿ ಮುದ್ದೆ ತಿರುವುವುದು ಕುಳಿತೇ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಡಬೇಕು. ನನಗೆ ರೇಗಿತು.

"ಕಟ್ಟೆ ಇನ್ಯಾಕವ್ವ ಕಟ್ಟಿದ್ದು? ಮೇಲೇ ತಿರುವು."

"ಕಲ್ಲು ತಡೆಯಾಕಿಲ್ಲ ಕಣಪ್ಪ."

"ತಿರುವು ಅಂದ್ನಲ್ಲ."

ಅವ್ವ ಪಾತ್ರೆಯನ್ನು ಕಲ್ಲಿನ ಮೇಲಿಟ್ಟು, ನನ್ನ ಮೇಲಿನ ಸಿಟ್ಟನ್ನೆಲ್ಲ ಕೋಲಿಗೆ ಇಳಿಸಿದಳು. ನಾಲ್ಕನೆಯ ತಿರುವಿಗೆ ಕಲ್ಲು ನಡುವೆ ಮುರಿಯಿತು. ಪಾತ್ರೆ ನನ್ನ ಪಾದದ ಮೇಲೆ ಮಗುಚಿತು. ಅಂಟಿದ ಹಿಟ್ಟನ್ನು ಕಿತ್ತಾಗ ಚರ್ಮವೂ ಜೊತೆಗೇ ಬಂತು.

ಕಿರುಚುತ್ತಿದ್ದ ನನ್ನ ಕಾಲಿಗೆ ಅವ್ವ ಒಂದು ಕೊಡ ತಣ್ಣೀರು ಸುರಿದಳು. ಆಮೇಲೆ ಮೂಲೆಯಲ್ಲಿದ್ದ ಹಾರೆ ತಂದು ನನ್ನ ಪಕ್ಕದಲ್ಲಿಟ್ಟಳು.

"ಮಿಕ್ಕಿದ್ದೂ ಒಡ್ದಾಕ್ಬುಡು."