ಒಂದು ಮೊರ ಅವರೆಕಾಯಿಯ ಹೊತ್ತು

ನಮ್ಮ ಅಜ್ಜಿಗೆ ಫೋನ್ ಬಳಸಲು ಬರುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿ ನೋಡಲಿ, ತೋಳೇರಿಸಿ ಜಗಳಕ್ಕೆ ನಿಲ್ಲುತ್ತೇನೆ. ಹೋದ ಅವರೆಕಾಯಿ ಕಾಲದವರೆಗೆ ಆ ಮಾತನ್ನು ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ನಾನೇ ಎಂಬುದು ಬೇರೆ ವಿಷಯ.

ನಾನಿರುವುದು ತುಮಕೂರಿನಲ್ಲಿ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಪ್ಪು ಹುಡುಕುವ ಕೆಲಸ. ತಯಾರಾಗಿ ಬಂದ ಬೋಲ್ಟುಗಳಲ್ಲಿ ಸೊಟ್ಟಗಿರುವುದನ್ನು ಆರಿಸಿ ಪಕ್ಕಕ್ಕಿಡಬೇಕು. ಅಷ್ಟಕ್ಕೇ ಮನೆಯವರು ನನ್ನನ್ನು ಇಂಜಿನಿಯರ್ ಎಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಯಾರ ಫೋನ್ ಕೆಟ್ಟರೂ ನನ್ನ ಕೈಗೆ ಬರುತ್ತದೆ, ನನ್ನ ಕೈಯಿಂದ ನೇರ ರಿಪೇರಿ ಅಂಗಡಿಗೆ ಹೋಗುತ್ತದೆ. ಕುಣಿಗಲ್‌ನಲ್ಲಿರುವ ಅಜ್ಜಿಯ ತಂಗಿಯ ಫೋನನ್ನು ನಾನು ಸರಿಮಾಡಿದ ಮೇಲೆ ಅದು ಬೆರಳಿಟ್ಟಲ್ಲೆಲ್ಲ ಇಂಗ್ಲಿಷಿನಲ್ಲಿ ಕೂಗತೊಡಗಿತು. ಪಾಪ, ಆಕೆ ಅದನ್ನು ಮೂರು ದಿನ ಅಕ್ಕಿ ಡಬ್ಬದೊಳಗೆ ಮುಚ್ಚಿಟ್ಟಿದ್ದರಂತೆ.

ಅಜ್ಜಿ ಇರುವುದು ಗುಬ್ಬಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿ. ಮನೆಯ ಮುಂಭಾಗದಲ್ಲೇ ಮಾವನ ತೆಂಗಿನಕಾಯಿ ಮಂಡಿ. ಅಜ್ಜಿ ಲೈಬ್ರರಿಯಿಂದ ಕಾದಂಬರಿ ತಂದು ಒಲೆಯ ಮುಂದೆ ಕೂತು ಓದುತ್ತಿದ್ದ ಹೆಂಗಸು. ಎಷ್ಟು ಸಲ ಸಾರು ಸೀದಿದೆಯೋ ಲೆಕ್ಕವಿಲ್ಲ. ಎರಡು ವರ್ಷದಿಂದ ಅವಳ ಕಣ್ಣಿನ ನಟ್ಟನಡುವೆ ಮಸುಕು. ಅಂಚಿನಲ್ಲಿರುವುದು ಕಾಣುತ್ತದೆ, ನೇರ ನೋಡಿದ್ದು ಮಾಯ. ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡಿದರೆ ಮುಖ ಗೊತ್ತಾಗುತ್ತದೆ, ಅಕ್ಷರ ಮಾತ್ರ ಹತ್ತುವುದಿಲ್ಲ. ಇದಕ್ಕೆ ಕನ್ನಡಕವಿಲ್ಲ ಎಂದುಬಿಟ್ಟರು ಡಾಕ್ಟರು.

ಆಗ ಇಂಜಿನಿಯರ್ ಸಾಹೇಬರು ಗುಬ್ಬಿಗೆ ದಯಮಾಡಿಸಿದರು. ಮಾವ ಕೊಡಿಸಿದ್ದ ಫೋನಿಗೆ ಕಾದಂಬರಿ ಓದಿ ಹೇಳುವ ಆಪ್ ಹಾಕಿದೆ. ವಯಸ್ಸಾದವರಿಗೆ ಅನುಕೂಲವಾಗಲಿ ಎಂದು ಒಂದೆರಡು ಸೆಟಿಂಗ್‌ಗಳನ್ನೂ ಮಾಡಿದೆ. ಅಜ್ಜಿ ಕತ್ತು ಓರೆ ಮಾಡಿದಳು.

“ಮೂಲೇಲಿ ಒಂದ್ ಚಂದ್ರ ಐತಲ್ಲ, ಅದೇನ್ಲಾ?”

“ಅದೆಲ್ಲ ನಿಂಗ್ಯಾಕಜ್ಜಿ? ಈ ದೊಡ್ಡ ಬಟನ್ ಬಿಟ್ಟು ಬೇರೆ ಏನೂ ಒತ್ತಬ್ಯಾಡ.”

ಒಂದು ವಾರಕ್ಕೇ ಅಜ್ಜಿಯ ಫೋನ್ ಬಂತು. “ಕಥೆ ಅರ್ಧಕ್ಕೇ ನಿಂತೋಗ್ತದೆ ಕಣ್ಲಾ. ಸರ್ಯಾಗಿ ಒಂದ್ ಮೊರ ಅವರೆಕಾಯಿ ಸುಲಿದು ಮುಗಿಸ್ತೀನಿ, ಬಾಯಿ ಮುಚ್ಕತದೆ.”

ನಾನು ಬಿದ್ದು ಬಿದ್ದು ನಕ್ಕೆ. “ಅಜ್ಜಿ, ಆಪ್‌ಗೂ ಅವರೆಕಾಯಿಗೂ ಏನ್ ಸಂಬಂಧ? ನೆಟ್‌ವರ್ಕ್ ಪ್ರಾಬ್ಲಂ ಅದು.”

ಒಮ್ಮೆ ನಿಂತರೆ ಮತ್ತೆ ಶುರುಮಾಡುವುದು ಅವಳಿಗೆ ಸುಲಭವಿರಲಿಲ್ಲ. ಫೋನಿನ ಲಾಕ್ ತೆಗೆಯಬೇಕು, ಆಪ್ ಹುಡುಕಬೇಕು. ಅದಕ್ಕೆ ಮಂಡಿಯಲ್ಲಿದ್ದ ಮಾವನನ್ನು ಕೂಗಬೇಕು. ಗಿರಾಕಿಗಳನ್ನು ಬಿಟ್ಟು ದಿನಕ್ಕೆ ನಾಲ್ಕು ಸಲ ಎದ್ದು ಬಂದ ಮಾವನ ಮುಖ ಜುಟ್ಟು ಕಿತ್ತ ಕಾಯಿಯಂತಾಯಿತು.

ಮುಂದಿನ ಒಂದು ತಿಂಗಳು ಪ್ರತಿ ಭಾನುವಾರ ನಾನು ಗುಬ್ಬಿಗೆ ಹೋಗಿ ಮಾಡಿದ ಘನಕಾರ್ಯಗಳು ಒಂದೆರಡಲ್ಲ. ಸಿಗ್ನಲ್ ಚೆನ್ನಾಗಿರುತ್ತದೆಂದು ಅಜ್ಜಿಯನ್ನು ಮೊರದ ಸಮೇತ ತಾರಸಿ ಹತ್ತಿಸಿ ನೀರಿನ ಟ್ಯಾಂಕಿನ ಪಕ್ಕ ಕೂರಿಸಿದೆ. ಅಲ್ಲೂ ನಿಂತಿತು. ಫೋನಿನಲ್ಲಿ ಜಾಗವಿಲ್ಲ ಎಂದು ತೀರ್ಮಾನಿಸಿ ಮಾವನ ಮಗಳ ಮದುವೆಯ ಫೋಟೋಗಳನ್ನು ಅಳಿಸಿದೆ. ಆಮೇಲೂ ನಿಂತಿತು. ಆಪ್ ಅನ್ನೇ ಕಿತ್ತು ಹೊಸದಾಗಿ ಹಾಕಿದೆ. ಹನ್ನೊಂದನೇ ಅಧ್ಯಾಯದಲ್ಲಿ ಸೂಟ್‌ಕೇಸ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಕಥಾನಾಯಕಿ ಮೊದಲನೇ ಅಧ್ಯಾಯಕ್ಕೆ ಹೋಗಿ ಮತ್ತೆ ಮದುವೆಯಾದಳು. ಹಾಗೆ ಅವಳಿಗೆ ಮೂರು ಸಲ ಮದುವೆ ಮಾಡಿಸಿದ ಪುಣ್ಯ ನನ್ನದು.

ಕೊನೆಗೆ ಬ್ಲೂಟೂತ್‌ಗೆ ಕೈ ಹಾಕಿದೆ. ಫೋನ್ ಹೋಗಿ ಮಂಡಿಯ ಸ್ಪೀಕರ್‌ಗೆ ಅಂಟಿಕೊಂಡಿತು. ಒಳಗೆ ಅಜ್ಜಿಗೆ ಸದ್ದಿಲ್ಲ; ಹೊರಗೆ ಕಾಯಿ ತುಂಬಿಸುತ್ತಿದ್ದವರಿಗೆಲ್ಲ ಮೊದಲ ರಾತ್ರಿಯ ಅಧ್ಯಾಯ ಜೋರಾಗಿ ಕೇಳಿಸಿತು. ಎರಡು ನಿಮಿಷ ಒಬ್ಬನೂ ಕಾಯಿ ಮುಟ್ಟಲಿಲ್ಲ.

ಮಾವ ಒಳಗೆ ಬಂದವನೇ ಗಡುವು ಕೊಟ್ಟ. “ಅವ್ವ, ಬರೋ ಭಾನ್ವಾರ ನೋಡ್ತೀನಿ. ಇದು ನಿಲ್ದೇ ನಡುದ್ರೆ ಸರಿ. ನಿಲ್ತು ಅಂದ್ರೆ ಫೋನ್ ಮಂಡಿಗೆ ಬೇಕು, ನಿಂಗೊಂದು ಬಟನ್ ಫೋನ್ ತಂದುಕೊಡ್ತೀನಿ. ಈ ವಯಸ್ಸಲ್ಲಿ ಕಥೆ ಕೇಳ್ದಿದ್ರೆ ಏನ್ ಮುಳುಗೋಗ್ತದೆ?”

ಅಜ್ಜಿ ಅವರೆಕಾಯಿಯಿಂದ ಕೈ ತೆಗೆಯಲಿಲ್ಲ. “ಈ ವಯಸ್ಸಲ್ಲಿ ಉಣ್ಣಾದ್ ಯಾಕೆ ಅಂತ್ಲೂ ಕೇಳ್ಬುಡು, ಒಂದೇ ಸಲಕ್ಕೆ ಮುಗೀಲಿ.”

ಆ ಭಾನುವಾರ ನಾನು ಬೆಳಗಿನ ರೈಲಿಗೇ ಗುಬ್ಬಿ ಸೇರಿದೆ. ನಡುಮನೆಯಲ್ಲಿ ಅಜ್ಜಿ, ಮುಂದೆ ಮೊರ, ಮೊರದ ಪಕ್ಕ ಫೋನ್. ಎದುರಿನ ಕುರ್ಚಿಯಲ್ಲಿ ಮಾವ. ಅವನ ಜೇಬಿನಲ್ಲಿ ಹೊಸ ಬಟನ್ ಫೋನ್, ಕವರ್ ಕೂಡ ಬಿಚ್ಚಿರಲಿಲ್ಲ. ಕಥೆ ಶುರುವಾಯಿತು. ನಾಯಕಿ ಸೂಟ್‌ಕೇಸಿಗೆ ಸೀರೆ ತುಂಬಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಅಜ್ಜಿಯ ಬೆರಳುಗಳಡಿ ಕಾಯಿ ಕರಗುತ್ತಾ ಬಂತು. ಕೊನೆಯ ಕಾಯಿ ಪಟ್ ಎಂದಿತು, ಕಥೆ ನಿಂತಿತು.

ಮಾವ ಫೋನಿಗೆ ಕೈ ಚಾಚಿದ.

“ಮಾವ, ಗುಬ್ಬಿ ನೆಟ್‌ವರ್ಕು...” ಎಂದು ನಾನು ಬಾಯಿ ತೆರೆದೆ.

“ಬಾಯ್ಮುಚ್ಚು,” ಅಂದಳು ಅಜ್ಜಿ. ಫೋನನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. “ನೆಟ್‌ವರ್ಕು ನೆಟ್‌ವರ್ಕು ಅಂತ ತಿಂಗ್ಳಿಂದ ಬಡ್ಕತಿದ್ದೀಯಲ್ಲ, ಅದು ಯಾವತ್ತಾದ್ರೂ ಹೇಳಿದ್ ಟೈಮಿಗೆ ಬಂದೈತಾ? ಹೇಳಿದ್ ಟೈಮಿಗೆ ಹೋಗೈತಾ? ಇದು ದಿನಾ ಒಂದೇ ಮೊರಕ್ಕೆ ನಿಲ್ತದೆ. ಇಷ್ಟೊತ್ತಿಗೇ ನಿಲ್ಲು ಅಂತ ಇದಕ್ಕೆ ಯಾರೋ ಹೇಳ್ಕೊಟ್ಟವ್ರೆ.”

ಅಜ್ಜಿ ಕತ್ತು ಓರೆ ಮಾಡಿ ಮೂಲೆಯ ಚಂದ್ರನನ್ನು ಹುಡುಕಿದಳು.

“ಲಾಕ್ ತೆಗಿ. ನಾನು ಇದನ್ನ ಒತ್ತೋಳೇ.”

ತೆಗೆದೆ. ಒತ್ತಿದಳು. ಪಟ್ಟಿಯೊಂದು ಬಿಚ್ಚಿಕೊಂಡಿತು. ಮೂವತ್ತು ನಿಮಿಷದ ಮುಂದೆ ಹಸಿರು ಗುರುತು. ಅದು ಕೇಳುತ್ತಾ ಮಲಗಿಬಿಡುವವರಿಗಾಗಿ ಪ್ರತಿ ಸಲವೂ ಕಥೆಯನ್ನು ಅರ್ಧ ಗಂಟೆಗೆ ನಿಲ್ಲಿಸುವ ಟೈಮರ್. ಮೊದಲ ದಿನ ಅದನ್ನು ಇಟ್ಟವನು ನಾನು. ಆಪ್ ಕಿತ್ತು ಹೊಸದಾಗಿ ಹಾಕಿದಾಗಲೆಲ್ಲ ಮರೆಯದೆ ಮತ್ತೆ ಇಟ್ಟವನೂ ನಾನೇ. ಕಾರ್ಖಾನೆಯಲ್ಲಿ ಸೊಟ್ಟ ಬೋಲ್ಟು ಹುಡುಕುವ ಮಹಾಶಯ.

ಒಪ್ಪಿಕೊಂಡೆ. “ಅಜ್ಜಿ, ವಯಸ್ಸಾದವರು ಕೇಳ್ತಾ ಕೇಳ್ತಾ ನಿದ್ದೆ ಹೋಗ್ತಾರೆ ಅಂತ... ನಾನೇ...”

“ನಾನ್ ನಿದ್ದೆ ಹೋಗ್ತೀನಿ ಅಂತ ಯಾವನ್ಲಾ ಹೇಳಿದ್ದು ನಿಂಗೆ? ಕಥೆ ನಡೀವಾಗ ನಾನು ಯಾವತ್ತ್ಲಾ ಮಲ್ಗಿದ್ದೆ? ನಿಮ್ಮವ್ವ ಹುಟ್ಟೋ ದಿನಾನೂ ಓದ್ತಾ ಇದ್ದೆ ನಾನು!”

ಟೈಮರ್ ತೆಗೆದೆ. ಅಜ್ಜಿ ದೊಡ್ಡ ಬಟನ್ ಒತ್ತಿ ಇನ್ನೊಂದು ಮೊರ ಎಳೆದುಕೊಂಡಳು. ಆ ಮೊರವೂ ಮುಗಿಯಿತು. ಕಥೆ ನಿಲ್ಲಲಿಲ್ಲ. ಮಾವ ಚಾಚಿದ್ದ ಕೈ ಯಾವಾಗಲೋ ಹಿಂದೆ ಹೋಗಿತ್ತು. ಅವನು ಬಟನ್ ಫೋನನ್ನು ಜೇಬಿನಿಂದ ತೆಗೆದು ಎಲ್ಲಿಡುವುದೆಂದು ನೋಡುತ್ತಿದ್ದ.

“ನೀನೇ ಮಡಿಕ್ಕೊ ಮಗ,” ಅಂದಳು ಅಜ್ಜಿ. “ನಿಂಗೂ ಅರವತ್ತಾಗ್ತಾ ಬಂತು. ಈ ವಯಸ್ಸಲ್ಲಿ ದೊಡ್ ಫೋನ್ ಯಾಕೆ?”

ಮಾವ ಮಂಡಿಗೆ ನಡೆದ. ನನಗೆ ಶಿಕ್ಷೆಯಾಗಿ ಒಂದು ಚೀಲ ಅವರೆಕಾಯಿ ಬಂತು. ತಲೆ ತಗ್ಗಿಸಿ ಸುಲಿಯುತ್ತಿದ್ದವನು ನೋಡಿದರೆ, ಅಜ್ಜಿಯ ಬೆರಳು ಚಂದ್ರನ ಪಕ್ಕದ ಇನ್ನೊಂದು ಗುರುತಿನ ಮೇಲಿದೆ.

“ಅಜ್ಜಿ, ಅದನ್ನ ಒತ್ತಬ್ಯಾಡ!”

“ಒತ್ತಿ ಆಯ್ತು ಕಣ್ಲಾ.”

ಓದುವವಳ ದನಿ ಒಂದೇ ಏಟಿಗೆ ವೇಗವಾಯಿತು. ಹೊಸ್ತಿಲಲ್ಲಿ ತಿಂಗಳಿಡೀ ನಿಂತಿದ್ದ ನಾಯಕಿ ಅತ್ತೆಯನ್ನು ಸರಿಸಿ, ಸೂಟ್‌ಕೇಸ್ ಹಿಡಿದು ಓಡುವವಳ ಹಾಗೆ ಬೀದಿಗಿಳಿದಳು. ಸರಿಮಾಡಲು ನಾನು ಕೈ ಚಾಚಿದೆ. ಅಜ್ಜಿ ನನ್ನ ಕೈಗೆ ಅವರೆಕಾಯಿ ಸಿಪ್ಪೆಯಿಂದ ಬಡಿದಳು.

“ಹಂಗೇ ಇರ್ಲಿ. ಎಷ್ಟು ದಿನದಿಂದ ನಿಲ್ಲಿಸಿದ್ದೀಯಾ ಅವಳ್ನ. ಬಿರ್ರನೆ ಹೋಗ್ಲಿ.”